ರೇಷ್ಮೆಯ ಎಳೆ, ಬೆಕ್ಕಿನ ಹೆಜ್ಜೆ

ನಮ್ಮ ಬೀದಿಯ ಮಕ್ಕಳು ನನಗೆ ‘ಸ್ಲೋ ಮೋಷನ್ ತಾತ’ ಎಂದು ಹೆಸರಿಟ್ಟಿದ್ದಾರೆ. ನನಗೇನೂ ಬೇಸರವಿಲ್ಲ. ಎಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಯಾರಾದರೂ ಕರೆದು ಹೊಸ ಹೆಸರು ಕೊಟ್ಟರೆ ಅದೂ ಒಂದು ಭಾಗ್ಯವೇ. ನಂಜನಗೂಡಿನ ನಮ್ಮ ಮನೆಯ ತಾರಸಿಯ ಮೇಲೆ ಬೆಳಗ್ಗೆ ಆರು ಗಂಟೆಗೆ ನಾನು ಮಾಡುವುದನ್ನು ಕಂಡರೆ ನಿಮಗೂ ಅದೇ ಹೆಸರು ತೋಚೀತು. ಕೈ ಮೇಲೇಳುತ್ತದೆ, ಆದರೆ ಯಾವಾಗ ಎದ್ದಿತೆಂದು ಗೊತ್ತಾಗುವುದಿಲ್ಲ. ಕಾಲು ಮುಂದೆ ಹೋಗುತ್ತದೆ, ಆದರೆ ನೆಲ ಮುಟ್ಟುವ ಮೊದಲು ಒಂದು ಕ್ಷಣ ಯೋಚನೆ ಮಾಡುತ್ತದೆ. ಈ ವಿದ್ಯೆಯ ಹೆಸರು ತಾಯ್ ಚಿ.

ಮೊದಲ ಸಲ ಆ ಹೆಸರು ಕೇಳಿದಾಗ ನಮ್ಮ ಮನೆಯವಳು, “ತಾಯಿ ಅಂತೀರಿ, ಹಿಂದೆಯೇ ಛೀ ಅಂತೀರಿ. ಇದೆಂಥ ವಿದ್ಯೆ ರೀ?” ಎಂದಳು.

ಇದು ಚೀನಾ ದೇಶದ ವಿದ್ಯೆ. ಅಲ್ಲಿಯ ಹೆನಾನ್ ಪ್ರಾಂತ್ಯದಲ್ಲಿ ಚೆನ್ ಮನೆತನದವರ ಒಂದು ಹಳ್ಳಿಯಿದೆ. ಹದಿನೇಳನೇ ಶತಮಾನದಲ್ಲಿ ಅಲ್ಲಿ ಹುಟ್ಟಿದ ಕಾಳಗದ ಕಲೆ ಇದು ಎಂದು ಹೇಳುತ್ತಾರೆ. ಕಾಳಗದ ಕಲೆಯೆಂದರೆ ಹೊಡೆತ, ತಡೆ, ತಳ್ಳು ಎಲ್ಲವೂ ಇದೆ. ಆದರೆ ಕಲಿಯುವಾಗ ಅದನ್ನು ಮೆಲ್ಲಗೆ, ಎಲ್ಲೂ ನಿಲ್ಲಿಸದೆ, ಒಂದು ಭಂಗಿಯಿಂದ ಇನ್ನೊಂದಕ್ಕೆ ಹರಿಯುವ ಹಾಗೆ ಮಾಡುತ್ತಾರೆ. ಜನಸಾಮಾನ್ಯರ ಆರೋಗ್ಯಕ್ಕೆಂದು 1956ರಲ್ಲಿ ಅಲ್ಲಿಯ ಸರ್ಕಾರ 24 ಭಂಗಿಗಳ ಒಂದು ಸುಲಭ ಪಾಠವನ್ನು ಸಿದ್ಧಪಡಿಸಿತು. 2020ರಲ್ಲಿ ಯುನೆಸ್ಕೋ ಈ ಕಲೆಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ನಾನು ಕಲಿತಿರುವುದು ಆ 24 ಭಂಗಿಗಳ ಪಾಠವನ್ನೇ.

ಬಿ.ಕಾಂ. ಓದಿ, ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಡ್ಜರು ಬರೆದು ನಿವೃತ್ತನಾದವನಿಗೆ ಚೀನಾದ ಕಾಳಗದ ಕಲೆ ಎಲ್ಲಿ ಸಿಕ್ಕಿತು ಎಂದು ನೀವು ಕೇಳಬಹುದು. ಮಗಳು ಸಿಂಗಪುರದಲ್ಲಿದ್ದಾಳೆ. ಅವಳ ಮನೆಗೆ ಹೋಗಿ ಮೂರು ತಿಂಗಳು ಇದ್ದಾಗ, ಕೆಳಗಿನ ಪಾರ್ಕಿನಲ್ಲಿ ನನ್ನ ವಯಸ್ಸಿನವರು ಇದನ್ನು ಮಾಡುತ್ತಿದ್ದರು. ಹೇಳಿಕೊಡುತ್ತಿದ್ದವರು ಒಬ್ಬ ಚೀನೀ ಅಜ್ಜಿ. ಅವರ ಭಾಷೆ ನನಗೆ ಬಾರದು, ನನ್ನ ಭಾಷೆ ಅವರಿಗೆ ಬಾರದು. ಇಬ್ಬರಿಗೂ ಬರುತ್ತಿದ್ದ ಇಂಗ್ಲಿಷು ಹತ್ತು ಪದ ದಾಟುತ್ತಿರಲಿಲ್ಲ. ಆದರೂ ಪಾಠ ನಿಲ್ಲಲಿಲ್ಲ. ಏಕೆಂದರೆ ಅವರು ಕಲಿಸುತ್ತಿದ್ದುದು ಚಿತ್ರಗಳ ಮೂಲಕ. ಹೇಗೆ ಹೆಜ್ಜೆ ಇಡಬೇಕು ಎಂದು ಕೇಳಿದರೆ ಪಾರ್ಕಿನಲ್ಲಿ ಓಡಾಡುವ ಬೆಕ್ಕಿನ ಕಡೆ ಬೆರಳು ತೋರಿಸುತ್ತಿದ್ದರು. ಕುತ್ತಿಗೆ ಹೇಗಿರಬೇಕು ಎಂದರೆ, ನೆತ್ತಿಗೆ ದಾರ ಕಟ್ಟಿ ಮೇಲಿನಿಂದ ಯಾರೋ ಹಿಡಿದಿರುವಂತೆ ಅಭಿನಯಿಸಿ ತೋರಿಸುತ್ತಿದ್ದರು.

ಆ ಭಂಗಿಗಳ ಹೆಸರುಗಳೇ ಒಂದೊಂದು ಚಿತ್ರ. ಕಾಡುಕುದುರೆಯ ಜೂಲನ್ನು ಬಿಡಿಸುವುದು. ಬಿಳಿ ಕೊಕ್ಕರೆ ರೆಕ್ಕೆ ಬಿಚ್ಚುವುದು. ಗುಬ್ಬಚ್ಚಿಯ ಬಾಲ ಹಿಡಿಯುವುದು. ಮೋಡದಂತೆ ಕೈ ಆಡಿಸುವುದು. ಚಿನ್ನದ ಹುಂಜ ಒಂಟಿ ಕಾಲಿನಲ್ಲಿ ನಿಲ್ಲುವುದು. ಕಡಲ ತಳದ ಸೂಜಿ ಎತ್ತುವುದು. ಮಕ್ಕಳ ಆಟದ ಹೆಸರುಗಳಂತೆ ಕೇಳಿಸುತ್ತವೆ, ಅಲ್ಲವೇ? ಆದರೆ ಇವು ಬರೀ ಅಲಂಕಾರವಲ್ಲ. ಹೆಸರಿನೊಳಗೇ ಪಾಠವಿದೆ.

ಹೇಗೆಂದರೆ, ನಿಮ್ಮ ಅಜ್ಜನಿಗೆ ಹೀಗೆ ಹೇಳಿ ನೋಡಿ: “ತಾತ, ಬಲಗೈಯನ್ನು ಹಣೆಯ ಮಟ್ಟಕ್ಕೆ ಎತ್ತಿ, ಎಡಗೈಯನ್ನು ತೊಡೆಯ ಪಕ್ಕಕ್ಕೆ ಇಳಿಸಿ, ಭಾರವನ್ನೆಲ್ಲ ಬಲಗಾಲಿನ ಮೇಲೆ ಹಾಕಿ, ಎಡಗಾಲಿನ ತುದಿಬೆರಳು ಮಾತ್ರ ನೆಲಕ್ಕೆ ತಾಗಿಸಿ, ಬೆನ್ನು ನೆಟ್ಟಗೆ, ಹೆಗಲು ಸಡಿಲ.” ಪಾಪ, ತಾತ ಮೂರನೆಯ ಮಾತಿಗೇ ಕಂಬದಂತೆ ಬಿಗಿದುಕೊಳ್ಳುತ್ತಾರೆ. ಅದರ ಬದಲು, “ತಾತ, ಗದ್ದೆಯ ಬದುವಿನ ಮೇಲೆ ನಿಂತ ಬೆಳ್ಳಕ್ಕಿ ರೆಕ್ಕೆ ಬಿಚ್ಚುತ್ತಿದೆ, ಹಾಗೆ ನಿಲ್ಲಿ” ಎನ್ನಿ. ಆರು ಸೂಚನೆಗಳ ಕೆಲಸವನ್ನು ಒಂದು ಬೆಳ್ಳಕ್ಕಿ ಮಾಡಿಬಿಡುತ್ತದೆ. ಮೈಗೆ ಲೆಕ್ಕ ಅರ್ಥವಾಗುವುದಿಲ್ಲ, ಚಿತ್ರ ಅರ್ಥವಾಗುತ್ತದೆ. ಜೀವನವಿಡೀ ಲೆಕ್ಕ ಬರೆದ ನಾನೇ ಈ ಮಾತು ಹೇಳುತ್ತಿದ್ದೇನೆ.

ಆದರೆ ಒಂದು ಷರತ್ತಿದೆ. ಆ ಚಿತ್ರ ನಾವು ಕಣ್ಣಾರೆ ಕಂಡದ್ದಾಗಿರಬೇಕು. 24 ಭಂಗಿಗಳಲ್ಲಿ ‘ಪೀಪಾ ನುಡಿಸುವುದು’ ಎಂಬುದೊಂದಿದೆ. ಪೀಪಾ ಎಂದರೆ ಚೀನೀಯರ ತಂತಿವಾದ್ಯ. ನಂಜನಗೂಡಿನಲ್ಲಿ ಪೀಪಾ ಎಂದರೆ ನೀರು ತುಂಬಿಡುವ ಪೀಪಾಯಿ ನೆನಪಾದೀತೇ ಹೊರತು ವಾದ್ಯವಲ್ಲ. ಊರಿಗೆ ಮರಳಿದ ಮೇಲೆ ಐದನೇ ತರಗತಿಯಲ್ಲಿ ಓದುವ ಮೊಮ್ಮಗಳು ಈ ತೊಡಕನ್ನು ಬಿಡಿಸಲು ಕುಳಿತಳು. ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಗೀಚಿದಳು, ಎಡಕ್ಕೆ ಚೀನಾ, ಬಲಕ್ಕೆ ನಂಜನಗೂಡು. ಕೊಕ್ಕರೆ ಬೆಳ್ಳಕ್ಕಿಯಾಯಿತು. ಕಡಲ ತಳದ ಸೂಜಿ ಕಪಿಲಾ ಹೊಳೆಯ ಸೋಪಾನದಲ್ಲಿ ಬಿದ್ದ ನಾಣ್ಯವಾಯಿತು. ಕೋತಿಯನ್ನು ಅಟ್ಟುತ್ತ ಒಂದೊಂದೇ ಹೆಜ್ಜೆ ಹಿಂದೆ ಸರಿಯುವ ಭಂಗಿಯೊಂದಿದೆ. ಅದನ್ನು ಅವಳು ಬದಲಿಸಲೇ ಇಲ್ಲ. “ತಾತ, ಇದು ನಮ್ಮೂರಿಂದಲೇ ಹೋಗಿರಬೇಕು” ಎಂದಳು. ಕೈಯಲ್ಲಿ ರಸಬಾಳೆಯ ಚಿಪ್ಪು ಹಿಡಿದುಕೊಂಡು ಕೋತಿಯ ಎದುರು ಸಿಕ್ಕಿಬಿದ್ದವರಿಗೆ ಆ ಭಂಗಿಯನ್ನು ಯಾರೂ ಕಲಿಸಬೇಕಾಗಿಲ್ಲ. ಮುಖ ಕೋತಿಯ ಕಡೆಗೆ, ಹೆಜ್ಜೆ ಹಿಂದಕ್ಕೆ, ಒಂದು ಕೈ ಹಣ್ಣಿನ ಮೇಲೆ, ಇನ್ನೊಂದು ಕೈ ‘ಹೋಗು ಹೋಗು’ ಎನ್ನುತ್ತ!

ದೊಡ್ಡ ಜಾತ್ರೆಯಲ್ಲಿ ಶ್ರೀಕಂಠೇಶ್ವರನ ರಥ ಎಳೆಯುವವರನ್ನು ನೋಡಿದ್ದೀರಾ? ಬರೀ ತೋಳಿನಿಂದ ಎಳೆದರೆ ಆ ತೇರು ಮಿಸುಕುವುದಿಲ್ಲ. ಹಿಮ್ಮಡಿ ನೆಲಕ್ಕೆ ಊರಬೇಕು, ಸೊಂಟ ತಗ್ಗಬೇಕು, ಆಮೇಲೆ ಹಗ್ಗ ಬಿಗಿಯಾಗುತ್ತದೆ. ತಾಯ್ ಚಿಯಲ್ಲೂ ಬಲವೆನ್ನುವುದು ಪಾದದಿಂದ ಎದ್ದು, ಸೊಂಟದಲ್ಲಿ ತಿರುಗಿ, ಬೆರಳಿಗೆ ಬರುತ್ತದೆ. ನನಗೆ ಅದು ತಿಳಿದದ್ದು ಪುಸ್ತಕದಿಂದಲ್ಲ, ಹುಡುಗನಾಗಿದ್ದಾಗ ಹಿಡಿದ ಹಗ್ಗದ ನೆನಪಿನಿಂದ.

ಕಣ್ಣು ಮುಚ್ಚಿ ಮನಸ್ಸಿನಲ್ಲೇ ಮಾಡುವ ಅಭ್ಯಾಸವೂ ನಮಗೆ ಹೊಸದಲ್ಲ. ನಮ್ಮಮ್ಮ ಕೊನೆಯ ಎರಡು ವರ್ಷ ಹಾಸಿಗೆ ಬಿಟ್ಟು ಏಳಲಾಗಲಿಲ್ಲ. ಆದರೂ ಪ್ರತಿ ಸೋಮವಾರ ದೇವಸ್ಥಾನಕ್ಕೆ ‘ಹೋಗಿಬರುತ್ತಿದ್ದರು’. ಕಣ್ಣು ಮುಚ್ಚುತ್ತಿದ್ದರು. ಗೋಪುರ ದಾಟಿ, ಕಂಬಗಳ ಸಾಲು ದಾಟಿ, ಶಿವಶರಣರ ಮೂರ್ತಿಗಳ ಮುಂದೆ ಒಂದೊಂದಾಗಿ ಕೈಮುಗಿದು, ಅಮ್ಮನವರ ಗುಡಿಯ ಮುಂದೆ ನಿಂತು, ಪ್ರದಕ್ಷಿಣೆ ಮುಗಿಸಿ ಕಣ್ಣು ಬಿಡಲು ಮುಕ್ಕಾಲು ಗಂಟೆ. ನಡುವೆ ಯಾರಾದರೂ ಮಾತನಾಡಿಸಿದರೆ, “ಇರು, ಇನ್ನೂ ಒಳಗಿದ್ದೀನಿ” ಎನ್ನುತ್ತಿದ್ದರು. ಮಾನಸ ಪೂಜೆ ಎನ್ನುವುದು ಇದನ್ನೇ. ಅಮ್ಮನ ಕಾಲ್ಬೆರಳುಗಳು ಹೊದಿಕೆಯ ಕೆಳಗೆ ಸಣ್ಣಗೆ ಅಲುಗುತ್ತಿದ್ದುದನ್ನು ನಾನು ಕಂಡಿದ್ದೇನೆ.

ವಿಜ್ಞಾನಿಗಳೂ ಇದನ್ನು ಪರೀಕ್ಷಿಸಿ ನೋಡಿದ್ದಾರೆ. 1995ರಲ್ಲಿ ಅಮೆರಿಕದಲ್ಲಿ ಅಲ್ವಾರೋ ಪಾಸ್ಕುವಲ್-ಲಿಯೋನೆ ಎಂಬ ನರರೋಗ ತಜ್ಞರೂ ಅವರ ಸಂಗಡಿಗರೂ ಒಂದು ಪ್ರಯೋಗವನ್ನು ಪ್ರಕಟಿಸಿದರು. ಪಿಯಾನೋ ಬಾರದವರಿಗೆ ಐದು ಬೆರಳಿನ ಒಂದು ಪಾಠ ಕೊಟ್ಟರು. ಒಂದು ಗುಂಪು ದಿನಕ್ಕೆ 2 ಗಂಟೆಯಂತೆ 5 ದಿನ ಕೈಯಿಂದ ನುಡಿಸಿತು. ಇನ್ನೊಂದು ಗುಂಪು ಅಷ್ಟೇ ಹೊತ್ತು ಬೆರಳಾಡಿಸದೆ ಮನಸ್ಸಿನಲ್ಲೇ ನುಡಿಸಿತು. ಬೆರಳುಗಳನ್ನು ನಡೆಸುವ ಮಿದುಳಿನ ಭಾಗದಲ್ಲಿ ಎರಡೂ ಗುಂಪಿನವರಿಗೆ ಒಂದೇ ಬಗೆಯ ಬದಲಾವಣೆ ಕಂಡಿತು. ಹಾಗೆಂದು ಮನಸ್ಸಿನ ಅಭ್ಯಾಸವೇ ಸಾಕೆಂದು ಹಿಗ್ಗಬೇಡಿ. ನುಡಿಸಲು ಕೂರಿಸಿದಾಗ ಕೈಯಿಂದ ಅಭ್ಯಾಸ ಮಾಡಿದವರೇ ಮುಂದಿದ್ದರು. ಆದರೆ ಮನಸ್ಸಿನಲ್ಲಿ ಅಭ್ಯಾಸ ಮಾಡಿದವರು ಆಮೇಲೆ 2 ಗಂಟೆ ಕೈಯಿಂದ ನುಡಿಸಿದ್ದೇ ತಡ, ಅವರ ಮಟ್ಟಕ್ಕೆ ಬಂದುಬಿಟ್ಟರು. ಅಂದರೆ ಮನಸ್ಸು ಹೊಲವನ್ನು ಉತ್ತು ಹದ ಮಾಡಿಟ್ಟಿತ್ತು, ಬಿತ್ತನೆಯೊಂದೇ ಬಾಕಿ.

ಈಗ ಕಪಿಲೆಯ ಜೊತೆಯಲ್ಲೇ ಕೆಳಗೆ ಹೋಗೋಣ. ನಂಜನಗೂಡಿನಲ್ಲಿ ನಾನು ಬೆಳಗ್ಗೆ ಕಾಣುವ ನೀರು ಮುಂದೆ ಹರಿದು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಆ ಊರಿನಲ್ಲಿ ನಮ್ಮ ಅಕ್ಕ, ಭಾವ ಇದ್ದಾರೆ. ಭಾವನಿಗೆ ಎಂಬತ್ತೊಂದು. 2024ರ ದೀಪಾವಳಿಯ ಹಿಂದೆಮುಂದೆ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಕೀಲಿನ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು, ಮೂಳೆ ಕೂಡಿಕೊಂಡಿತು. ಡಾಕ್ಟರು, “ಇನ್ನು ನಡೆಯಬಹುದು” ಎಂದರು. ವ್ಯಾಯಾಮ ಮಾಡಿಸುವ ಹುಡುಗಿ ಮನೆಗೇ ಬಂದು ಕಲಿಸಿದಳು. ಆದರೆ ಭಾವ ಏಳಲಿಲ್ಲ. ಎದ್ದು ನಿಂತರೆ ಮೊಣಕಾಲು ಗಡಗಡ ನಡುಗುತ್ತಿತ್ತು. ಮುರಿದ ಮೂಳೆ ಕೂಡಿತ್ತು, ಮುರಿದ ಧೈರ್ಯ ಕೂಡಿರಲಿಲ್ಲ.

2025ರ ಫೆಬ್ರವರಿಯಲ್ಲಿ ಸಂಗಮದಲ್ಲಿ ಕುಂಭಮೇಳ ನಡೆಯಿತು. 1989ರಲ್ಲಿ ಮೊದಲ ಕುಂಭಮೇಳವಾದಾಗಿನಿಂದ ಒಂದನ್ನೂ ತಪ್ಪಿಸಿದವರಲ್ಲ ಭಾವ. ಈ ಸಲ ಮೈಕಿನ ಸದ್ದು ಮನೆಯೊಳಗೇ ಕೇಳುತ್ತಿತ್ತು. ಭಾವ ಗೋಡೆಯ ಕಡೆ ತಿರುಗಿ ಮಲಗಿದ್ದರು. ಅಕ್ಕ ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದಳು: “ಕಾಲು ಹೋದರೆ ಹೋಗಲಿ ಕಣೋ, ಮನುಷ್ಯನೇ ಒಳಗೊಳಗೆ ಹೋಗ್ತಾ ಇದ್ದಾರೆ. ಏನಾದ್ರೂ ಮಾಡು.”

ನಾನು ಡಾಕ್ಟರಲ್ಲ. ನನ್ನ ಬಳಿ ಇದ್ದದ್ದು 24 ಭಂಗಿ ಮತ್ತು ಮೊಮ್ಮಗಳ ನೋಟ್‌ಬುಕ್ಕು. ಮಾರನೆಯ ವಾರ ಬಸ್ಸು ಹಿಡಿದು ಹೋದಾಗ ಭಾವನ ಮಂಚದ ಮುಂದೆ ನಿಂತು ‘ಮೋಡದ ಕೈ’ ಮಾಡಿ ತೋರಿಸಿದೆ. ಭಾವ ನೋಡಿದರು, ಏನೂ ಹೇಳಲಿಲ್ಲ. ಈ ಕಲೆಯ ಹಳೆಯ ಚೀನೀ ಬರಹಗಳಲ್ಲಿ ಎರಡು ಹೋಲಿಕೆಗಳಿವೆ. ಹೆಜ್ಜೆಗೆ ಬೆಕ್ಕು, ಕೈಗೆ ರೇಷ್ಮೆ. ಗೂಡಿನಿಂದ ರೇಷ್ಮೆ ಎಳೆ ತೆಗೆಯುವಂತೆ ಕೈ ಚಲಿಸಬೇಕು ಎನ್ನುತ್ತಾರೆ ಎಂದು ನಾನು ಮಾತಿಗೆ ಹೇಳಿದೆ.

ಭಾವ ಮಂಚದ ಮೇಲೆ ಎದ್ದು ಕೂತರು.

“ಏನಂದೆ? ರೇಷ್ಮೆ ಎಳೆ ಅಂದೆಯಾ?”

ಅವರಿಗೆ ಹಾಗೇಕೆ ಆಯಿತು ಎನ್ನುವುದನ್ನು ಹೇಳಬೇಕು. ಟಿ. ನರಸೀಪುರದಲ್ಲಿ ರೇಷ್ಮೆ ನೂಲು ಬಿಚ್ಚುವ ಸರ್ಕಾರಿ ಕಾರ್ಖಾನೆಯಿದೆ. ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ ಮಹಾರಾಜರ ಕಾಲದಲ್ಲಿ, 1912ರಲ್ಲಿ ಶುರುವಾದದ್ದು. ನಿಮ್ಮ ಅಜ್ಜಿಯ ಪೆಟ್ಟಿಗೆಯಲ್ಲಿರುವ ಮೈಸೂರು ಸಿಲ್ಕ್ ಸೀರೆಗೆ ನೂಲು ಹೋಗುವುದು ನರಸೀಪುರದಿಂದ. ಎರಡನ್ನೂ ಈಗ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ ನಡೆಸುತ್ತದೆ. ಭಾವ ಆ ನೂಲಿನ ಕಾರ್ಖಾನೆಯಲ್ಲೇ ದುಡಿದು ನಿವೃತ್ತರಾದವರು.

“ನೋಡು,” ಎಂದು ಭಾವ ಶುರುಮಾಡಿದರು. “ಗೂಡನ್ನು ಬಿಸಿನೀರಲ್ಲಿ ಬೇಯಿಸಬೇಕು. ಆಗ ಅಂಟು ಸಡಿಲ ಆಗುತ್ತೆ. ಎಳೆಯ ತುದಿ ಹುಡುಕಬೇಕು. ಒಂದು ಗೂಡಿನ ಎಳೆ ಕಣ್ಣಿಗೇ ಕಾಣಿಸೋದಿಲ್ಲ, ಅಷ್ಟು ಸಣ್ಣ. ಹಲವು ಗೂಡಿನ ಎಳೆ ಸೇರಿಸಿ ಒಂದು ನೂಲು. ಜೋರಾಗಿ ಎಳೆದೆಯೋ, ಫಟ್ ಅಂತ ಕಡೀತು. ಕೈ ಬಿಟ್ಟು ಬಿಟ್ಟು ಎಳೆದೆಯೋ, ಗಂಟು ಬಿತ್ತು. ಒಂದೇ ಸಮ ಬರಬೇಕು. ಮೊದಲಿಂದ ಕೊನೇವರೆಗೂ ಒಂದೇ ಸಮ.”

ಹೇಳುತ್ತ ಹೇಳುತ್ತ ಅವರ ಎರಡೂ ಕೈಗಳು ಗಾಳಿಯಲ್ಲಿ ಎದ್ದವು. ಎಡಗೈ ಇಲ್ಲದ ಗೂಡನ್ನು ಹಿಡಿದಿತ್ತು, ಬಲಗೈ ಇಲ್ಲದ ಎಳೆಯನ್ನು ಎಳೆಯುತ್ತಿತ್ತು. ಹೆಗಲು ಇಳಿದಿತ್ತು, ಉಸಿರು ನಿಧಾನವಾಗಿತ್ತು. ಬೆನ್ನು ತಾನಾಗಿ ನೆಟ್ಟಗಾಗಿತ್ತು. ಸಿಂಗಪುರದ ಅಜ್ಜಿ ಮೂರು ತಿಂಗಳು ನಮಗೆ ತೋರಿಸಲು ಹೆಣಗಿದ ಕೈ ಅದೇ. ತಾಯ್ ಚಿ ಎಂಬ ಹೆಸರನ್ನೇ ಕೇಳದ ನಮ್ಮ ಭಾವನ ಬೆರಳುಗಳಲ್ಲಿ ಅದು ವರ್ಷಗಟ್ಟಲೆ ಕೂತಿತ್ತು. ಒಳ್ಳೆಯ ಗೂಡೊಂದರಲ್ಲಿ ಕಿಲೋಮೀಟರಿನಷ್ಟು ಉದ್ದದ ಎಳೆ ಸುತ್ತಿರುತ್ತದೆಯಂತೆ. ಮನುಷ್ಯನೊಳಗೆ ಎಷ್ಟು ಉದ್ದದ್ದು ಸುತ್ತಿರುತ್ತದೋ, ತುದಿ ಸಿಕ್ಕುವ ತನಕ ಗೊತ್ತಾಗುವುದಿಲ್ಲ.

ಅಂದಿನಿಂದ ಪಾಠದ ಕ್ರಮ ಬದಲಾಯಿತು. ಅವರ ಡಾಕ್ಟರನ್ನು ಕೇಳಿ, ಕುರ್ಚಿಯಲ್ಲಿ ಕೂತು ಕೈಗಳ ಚಲನೆ ಮಾತ್ರ ಶುರುಮಾಡಿದೆವು. ಪೀಪಾ ನುಡಿಸುವ ಭಂಗಿ ಬಂದಾಗ ಭಾವ, “ಪೀಪಾ ಯಾಕೆ? ನಮ್ಮ ಊರಿನವರು ಚೌಡಯ್ಯನವರು ಇಲ್ಲವೇ, ಪಿಟೀಲು ಅಂತ ಇಟ್ಟುಕೋ” ಎಂದರು. ನಿಜ. ಏಳು ತಂತಿಯ ಪಿಟೀಲು ನುಡಿಸಿದ ಟಿ. ಚೌಡಯ್ಯನವರ ಹೆಸರಿನ ‘ಟಿ’ ಎಂದರೆ ತಿರುಮಕೂಡಲು. ಮೊಮ್ಮಗಳಿಗೆ ಫೋನು ಮಾಡಿ ನೋಟ್‌ಬುಕ್ಕು ತಿದ್ದಿಸಿದೆವು.

ಕಾಲಿನ ಪಾಠ ಮೊದಲು ನಡೆದದ್ದು ಕಣ್ಣು ಮುಚ್ಚಿಯೇ. ಸಂಜೆ ಹೊತ್ತು ಭಾವ ಕುರ್ಚಿಯಲ್ಲಿ ಕೂತು ಮನೆಯಿಂದ ಸಂಗಮದವರೆಗೆ ಮನಸ್ಸಿನಲ್ಲಿ ನಡೆಯುತ್ತಿದ್ದರು. ಹೊಸ್ತಿಲು ದಾಟಿದೆ, ಈಗ ಹಿಮ್ಮಡಿ ಊರಿದೆ, ಈಗ ಬೆರಳು ಊರಿದೆ, ಭಾರ ಬಲಗಾಲಿಗೆ ಬಂತು, ಎಡಗಾಲು ಹಗುರಾಯಿತು, ಎತ್ತಿದೆ. ಬೆಕ್ಕು ಗೋಡೆಯ ಮೇಲೆ ನಡೆಯುವ ಹಾಗೆ, ಮುಂದಿನ ಜಾಗ ಗಟ್ಟಿಯಿದೆಯೆಂದು ಖಾತ್ರಿಯಾದ ಮೇಲೆಯೇ ಭಾರ ಹಾಕುವುದು. ಮೊದಮೊದಲು ಮನಸ್ಸಿನಲ್ಲೂ ಅವರು ಬಾಗಿಲ ಬಳಿಯೇ ನಿಂತುಬಿಡುತ್ತಿದ್ದರು. “ಮುಂದೆ ಕಾಣಿಸ್ತಾ ಇಲ್ಲ ಕಣಯ್ಯಾ, ಬಿದ್ದದ್ದೇ ಕಾಣಿಸ್ತದೆ” ಎನ್ನುತ್ತಿದ್ದರು. ಅಂಜಿಕೆಯೂ ಒಂದು ಚಿತ್ರವೇ ಎಂದು ನನಗೆ ಆಗ ಹೊಳೆಯಿತು. ಬಚ್ಚಲಿನ ಆ ಒಂದು ಚಿತ್ರ ದಿನಕ್ಕೆ ನೂರು ಸಲ ಅವರ ಕಾಲಿಗೆ ಪಾಠ ಹೇಳುತ್ತಿತ್ತು. ಅದನ್ನು ಅಳಿಸಲಾಗದು, ಅದರ ಪಕ್ಕದಲ್ಲಿ ಬೇರೆ ಚಿತ್ರ ಇಡಬಹುದು ಅಷ್ಟೆ. ದಿನವೂ ಸ್ವಲ್ಪ ಸ್ವಲ್ಪ ಮುಂದೆ ಹೋಗುತ್ತ, ಒಂದು ಸಂಜೆ ಅವರು ಕಣ್ಣು ಬಿಟ್ಟು, “ಇವತ್ತು ಗುಂಜಾ ನರಸಿಂಹಸ್ವಾಮಿ ಗುಡಿ ತನಕ ಹೋಗಿದ್ದೆ” ಎಂದರು. ಅಕ್ಕ ಕಣ್ಣೊರೆಸಿಕೊಂಡಳು.

ಮನಸ್ಸಿನಲ್ಲಿ ನಡೆದಷ್ಟು ದೂರ ಕಾಲು ನಡೆಯಲಿಲ್ಲ. ಮೊದಲ ತಿಂಗಳು ಮಂಚದಿಂದ ಕಿಟಕಿಯವರೆಗೆ. ಆಮೇಲೆ ವಾಕರ್ ಹಿಡಿದು ನಡುಮನೆ. ಮಳೆಗಾಲದ ಹೊತ್ತಿಗೆ ಕೋಲು ಹಿಡಿದು, ಅಕ್ಕನ ಕೈ ಹಿಡಿಯದೆ, ಜಗಲಿಗೆ ಬಂದು ಕೂತು ದಾರಿಹೋಕರನ್ನು ಮಾತನಾಡಿಸತೊಡಗಿದರು. ವ್ಯಾಯಾಮ ಕಲಿಸಿದ ಹುಡುಗಿಯ ಪಾಲೇ ಇದರಲ್ಲಿ ದೊಡ್ಡದು. ನಮ್ಮ ರೇಷ್ಮೆ, ಬೆಕ್ಕು ಮಾಡಿದ್ದು ಒಂದೇ ಕೆಲಸ. ಅವಳು ಕಲಿಸಿದ್ದನ್ನು ಮಾಡಲು ಬೇಕಾದ ಧೈರ್ಯವನ್ನು ಒಳಗಿನಿಂದ ಎಳೆದು ತಂದವು. ಹೊಳೆಯ ಮೆಟ್ಟಿಲು ಇಳಿಯಲು ಭಾವನಿಗೆ ಇನ್ನೂ ಆಗಿಲ್ಲ. ಆಗದೆಯೂ ಇರಬಹುದು.

ವಯಸ್ಸಾದವರು ಬೀಳುವುದು ಸಣ್ಣ ಸಂಗತಿಯಲ್ಲ. 2005ರಲ್ಲಿ ಅಮೆರಿಕದ ಆರೆಗಾನ್‌ನಲ್ಲಿ 70ರಿಂದ 92 ವಯಸ್ಸಿನ 256 ಮಂದಿಯ ಮೇಲೆ ನಡೆಸಿದ ಅಧ್ಯಯನವೊಂದು ಪ್ರಕಟವಾಯಿತು. ಅರ್ಧ ಜನ ವಾರಕ್ಕೆ ಮೂರು ಸಲದಂತೆ ಆರು ತಿಂಗಳು ತಾಯ್ ಚಿ ಮಾಡಿದರು. ಉಳಿದವರು ಮೈ ಚಾಚುವ ಸಾಮಾನ್ಯ ವ್ಯಾಯಾಮ ಮಾಡಿದರು. ತಾಯ್ ಚಿ ಗುಂಪಿನವರು ಬಿದ್ದದ್ದು 38 ಸಲ, ಇನ್ನೊಂದು ಗುಂಪಿನವರು 73 ಸಲ. ಗುಮಾಸ್ತನಾದ ನನಗೆ ಈ ಎರಡು ಅಂಕಿಗಳ ನಡುವಿನ ವ್ಯತ್ಯಾಸ ಬಲು ದೊಡ್ಡದಾಗಿ ಕಾಣುತ್ತದೆ.

ಮಕ್ಕಳೇ, ಈ ಭಾನುವಾರ ನಿಮ್ಮ ಅಜ್ಜ ಅಜ್ಜಿಯರ ಪಕ್ಕದಲ್ಲಿ ಕೂತು ಒಂದು ಆಟವಾಡಿ. ಅವರು ಕುರ್ಚಿಯಲ್ಲೇ ಕೂತಿರಲಿ. “ನೀವು ಚಿಕ್ಕವರಿದ್ದಾಗ ಕೈಯಿಂದ ಯಾವ ಕೆಲಸ ಚೆನ್ನಾಗಿ ಮಾಡುತ್ತಿದ್ದಿರಿ?” ಎಂದು ಕೇಳಿ. ಹೂ ಕಟ್ಟುವುದೋ, ಮೊಸರು ಕಡೆಯುವುದೋ, ರಾಗಿ ಬೀಸುವುದೋ, ಬಾವಿಯಿಂದ ನೀರು ಸೇದುವುದೋ ಏನಾದರೂ ಇರುತ್ತದೆ. ಈಗ ಕಣ್ಣು ಮುಚ್ಚಿ, ಅದನ್ನೇ ಗಾಳಿಯಲ್ಲಿ, ಬಹಳ ನಿಧಾನವಾಗಿ, ಎಲ್ಲೂ ತಡೆಯದೆ ಮಾಡಲು ಹೇಳಿ. ನೀವೂ ಅವರ ಕೈ ನೋಡುತ್ತ ಹಾಗೆಯೇ ಮಾಡಿ. ಎದ್ದು ನಿಂತು ಮಾಡುವ ಆಸೆಯಿದ್ದರೆ ಡಾಕ್ಟರನ್ನು ಕೇಳಿ, ಗೋಡೆಯ ಪಕ್ಕದಲ್ಲಿ, ದೊಡ್ಡವರೊಬ್ಬರನ್ನು ಜೊತೆಗಿಟ್ಟುಕೊಂಡು ಮಾಡಲಿ. ಮೊಸರು ಕಡೆಯುವ ಅಜ್ಜಿಯ ಕೈಯಲ್ಲಿ ನಿಮಗೆ ಯಾವ ದೇಶದ ಯಾವ ಕಲೆ ಕಂಡೀತೋ ಯಾರಿಗೆ ಗೊತ್ತು.

ನರಸೀಪುರದವರು ತಮ್ಮ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎನ್ನುತ್ತಾರೆ. ಅವರ ದೇವರಿಗೆ ಗುಂಜಾ ನರಸಿಂಹ ಎಂಬ ಹೆಸರು ಬಂದದ್ದೇ ಹಾಗೆ, ಗುಂಜಾ ಎಂದರೆ ಗುಲಗಂಜಿ. ಭಾವ ಈಗ ದಿನದ ನಡಿಗೆ ಮುಗಿಸಿ ನನಗೆ ಫೋನಿನಲ್ಲಿ ಲೆಕ್ಕ ಒಪ್ಪಿಸುವುದೂ ಅದೇ ತೂಕದಲ್ಲಿ: “ನಿನ್ನೆಗಿಂತ ಒಂದು ಗುಲಗಂಜಿ ಹೆಚ್ಚು.”